ಒಕೊಯೊಂಗಿನ ತಾಯಿ ಮೇರಿ ಸ್ಲೆಸ್ಸರ್

ಪರದೇಶದ ಹಳ್ಳಿಯೊಂದರಲ್ಲಿ ನೆಲಸಿ, ಆ ಹಳ್ಳಿಯವರಿಗಾಗಿ ತಮ್ಮ ಆಯುಷ್ಯವನ್ನು ಸವೆಸಿದವರ ಚರಿತ್ರೆಗಳನ್ನು ನಾವು ಓದುವಾಗ, ಅವರು ಮಾಡಿದ ಮಹತ್ಕಾರ್ಯಗಳೇ ನಮ್ಮ ಕಣ್ಣಿಗೆ ಬೀಳುತ್ತವೆ. ಅವರು ಬೆಳಗಾಗ ಎದ್ದು ಯಾವ ಕೆಲಸಕ್ಕೆ ಕೈಹಾಕುತ್ತಿದ್ದರು, ಯಾರೊಡನೆ ಕುಳಿತು ಏನನ್ನು ಉಣ್ಣುತ್ತಿದ್ದರು, ಮಳೆ ಸೋರುವ ಮಾಡಿನ ಕೆಳಗೆ ರಾತ್ರಿಯನ್ನು ಹೇಗೆ ಕಳೆಯುತ್ತಿದ್ದರು ಎಂಬುದನ್ನು ಕೇಳುವವರು ಕಡಿಮೆ. ಆದರೆ ಸೇವೆಯೆಂಬುದು ಬಹುಮಟ್ಟಿಗೆ ಇಂಥ ದಿನಗಳ ರಾಶಿಯೇ ಹೊರತು ಬೇರೆಯಲ್ಲ. ನಮ್ಮ ಪಾಠಶಾಲೆಯ ಈ ಸ್ಮರಣ ಸಂಚಿಕೆಯಲ್ಲಿ, ನೂರಕ್ಕೂ ಹೆಚ್ಚು ವರುಷಗಳ ಹಿಂದೆ ಪಶ್ಚಿಮ ಆಫ್ರಿಕದ ಕಾಡುಹಳ್ಳಿಯೊಂದರಲ್ಲಿ ಬಾಳಿದ ಮೇರಿ ಸ್ಲೆಸ್ಸರ್ ಎಂಬ ಸ್ತ್ರೀಯ ಜೀವಿತವನ್ನು ಈ ದೃಷ್ಟಿಯಿಂದಲೇ ಹೇಳಬೇಕೆಂದು ನಾವು ಬಯಸಿದ್ದೇವೆ. ಇಂದು ನಗರದೊಳಗೆ ಸೇರಿಹೋಗಿರುವ ನಮ್ಮ ಉಲ್ಲಾಳವೂ ಒಂದು ಕಾಲಕ್ಕೆ ಕೆರೆಯ ಬಳಿಯ ಹಳ್ಳಿಯಾಗಿದ್ದಿತಷ್ಟೆ. ಮಣ್ಣು ತುಳಿದು ಗೋಡೆಯೆತ್ತುವುದು, ಒಲೆಯ ಮುಂದೆ ಮಕ್ಕಳನ್ನು ಮಲಗಿಸಿಕೊಳ್ಳುವುದು, ಜಗಲಿಯಲ್ಲಿ ಕುಳಿತು ಊರ ನ್ಯಾಯ ಕೇಳುವುದು, ಇವೆಲ್ಲವನ್ನು ನಮ್ಮ ಅಜ್ಜಿಯರು ಬಲ್ಲರು. ಆದುದರಿಂದ ಈ ಕಥೆಯು ನಮ್ಮವರಿಗೆ ತೀರ ಅಪರಿಚಿತವಾಗಿ ತೋರಲಾರದೆಂದು ನಂಬುತ್ತೇವೆ.

ಮೇರಿಯು 1848ನೆಯ ಇಸವಿ ದಶಂಬರ 2ರಂದು ಸ್ಕಾಟ್ಲೆಂಡಿನ ಅಬರ್ಡೀನ್ ಪಟ್ಟಣದಲ್ಲಿ ಹುಟ್ಟಿದಳು. ಏಳು ಮಕ್ಕಳಲ್ಲಿ ಆಕೆ ಎರಡನೆಯವಳು. ತಂದೆ ಚಮ್ಮಾರಿಕೆಯವನು, ಕುಡಿತಕ್ಕೆ ಬಿದ್ದು ಕಸಬನ್ನು ಕಳೆದುಕೊಂಡನು. ತಾಯಿ ನೇಯ್ಗೆ ಬಲ್ಲವಳು, ಮೆಲುಮಾತಿನವಳು, ದೈವಭಕ್ತೆ. ಕೆಲಸವನ್ನರಸಿಕೊಂಡು ಈ ಸಂಸಾರವು ಡಂಡೀ ಎಂಬ ಗಿರಣಿಗಳ ಊರಿಗೆ ಬಂದು ಬಡವರ ಕೇರಿಯಲ್ಲಿ ಬಿಡಾರ ಮಾಡಿತು. ಶನಿವಾರ ರಾತ್ರಿ ತಂದೆಯು ಕೂಲಿಯನ್ನೆಲ್ಲ ಕುಡಿದು ಮನೆಗೆ ಬರುವ ಹೊತ್ತಿಗೆ ತಾಯಿಮಗಳಿಬ್ಬರ ಎದೆಯೂ ನಡುಗುತ್ತಿದ್ದಿತು. ಈ ಸಂಗತಿಯನ್ನು ನೆರೆಯವರಿಗೆ ತಿಳಿಯಗೊಡದೆ ಮುಚ್ಚಿಡುವುದೇ ಆ ಮನೆಯ ಹೆಣ್ಣುಮಕ್ಕಳ ದೊಡ್ಡ ಪಾಡಾಗಿದ್ದಿತು.

ಹನ್ನೊಂದನೆಯ ವಯಸ್ಸಿನಲ್ಲಿ ಮೇರಿಯು ಗಿರಣಿಗೆ ಸೇರಿದಳು. ಅರ್ಧ ದಿನ ಗಿರಣಿಯ ದುಡಿತ, ಅರ್ಧ ದಿನ ಗಿರಣಿಯವರೇ ನಡೆಸುತ್ತಿದ್ದ ಶಾಲೆಯ ಪಾಠ, ಇದು ಆ ಕಾಲದ ಬಡ ಮಕ್ಕಳಿಗೆ ವಿಧಿಸಿದ್ದ ಏರ್ಪಾಡು. ಹದಿನಾಲ್ಕು ತುಂಬುವ ವೇಳೆಗೆ ಆಕೆ ನುರಿತ ಕೆಲಸಗಾತಿಯಾಗಿ ಬೆಳಗಿನ ಆರು ಘಂಟೆಯಿಂದ ಸಂಜೆಯ ಆರು ಘಂಟೆಯವರೆಗೆ ಮಗ್ಗದ ಮುಂದೆ ನಿಲ್ಲುತ್ತಿದ್ದಳು. ಡಂಡೀ ಪಟ್ಟಣವು ನಾರು ಮತ್ತು ಸೆಣಬಿನ ನೇಯ್ಗೆಗೆ ಹೆಸರಾದುದು. ಅಲ್ಲಿಗೆ ಬರುತ್ತಿದ್ದ ಸೆಣಬು ನಮ್ಮ ಬಂಗಾಳದ ಹೊಲಗಳಲ್ಲಿ ಬೆಳೆದುದಾಗಿತ್ತೆಂಬುದನ್ನು ನಾವು ನೆನೆಯಬೇಕು. ಮಗ್ಗದ ಅಂಚಿಗೆ ಪುಸ್ತಕವನ್ನು ಒರಗಿಸಿಟ್ಟುಕೊಂಡು, ಕೈಗೆ ಬಿಡುವಾದಾಗಲೆಲ್ಲ ಆಕೆ ಓದುತ್ತಿದ್ದಳಂತೆ. ಶಾಲೆಯ ಬಾಗಿಲು ಪೂರ್ತಿಯಾಗಿ ತೆರೆಯದಿದ್ದರೂ ಕಿಂಡಿಯಿಂದ ಬಂದಷ್ಟು ಬೆಳಕನ್ನು ಆಕೆ ವ್ಯರ್ಥಮಾಡಲಿಲ್ಲ.

ದುಡಿದು ದಣಿದ ಮೇಲೂ ಆಕೆ ಕೇರಿಯ ಹುಡುಗರಿಗೆ ಭಾನುವಾರದ ಪಾಠ ಹೇಳಲು ಹೋಗುತ್ತಿದ್ದಳು. ಆ ಕೇರಿಯ ಪುಂಡರಿಗೆ ಇದು ಸೇರಲಿಲ್ಲ. ಒಂದು ದಿನ ಅವರ ಮುಂದಾಳು ಹಗ್ಗದ ತುದಿಗೆ ಸೀಸದ ಗುಂಡನ್ನು ಕಟ್ಟಿ, ಆಕೆಯ ತಲೆಯ ಸುತ್ತಲೂ ಬೀಸಲಾರಂಭಿಸಿದನು. ಗುಂಡು ಸುತ್ತಿ ಸುತ್ತಿ ಹಣೆಗೆ ಹತ್ತಿರವಾಗುತ್ತ ಬಂದರೂ ಆಕೆ ಕಣ್ಣು ಮಿಟುಕಿಸದೆ ನಿಂತಿದ್ದಳು. ಸೋತವನು ಬೀಸಿದವನೇ. ಅವನೂ ಅವನ ಜೊತೆಯವರೂ ಅಂದೇ ಪಾಠಕ್ಕೆ ಬಂದು ಕುಳಿತರು. ಮುಂದೆ ಆಫ್ರಿಕದಲ್ಲಿ ಕತ್ತಿ ಹಿರಿದು ನಿಂತವರ ನಡುವೆ ನುಗ್ಗಿ ಹೋದ ಧೈರ್ಯವನ್ನು ಆಕೆ ಕಲಿತದ್ದು ಈ ಬೀದಿಯಲ್ಲೇ ಎಂದು ನಮಗೆ ತೋರುತ್ತದೆ.

ಡೇವಿಡ್ ಲಿವಿಂಗ್‌ಸ್ಟನ್ನನು 1873ರಲ್ಲಿ ಆಫ್ರಿಕದಲ್ಲಿ ತೀರಿಕೊಂಡ ವಾರ್ತೆಯು ಸ್ಕಾಟ್ಲೆಂಡನ್ನೆಲ್ಲ ಕಲಕಿತು. ಅವನೂ ಬಾಲ್ಯದಲ್ಲಿ ಗಿರಣಿಯಲ್ಲಿ ದುಡಿದವನೇ. ಗಿರಣಿಯ ಹುಡುಗಿಯಾದ ಮೇರಿಗೆ ಆ ದಾರಿಯು ತನಗೂ ತೆರೆದಿದೆಯೆಂದು ತೋರಿತು. ಆಕೆ 1875ರಲ್ಲಿ ಯುನೈಟೆಡ್ ಪ್ರೆಸ್ಬಿಟೇರಿಯನ್ ಸಭೆಯವರಿಗೆ ಅರ್ಜಿ ಬರೆದು, ಎಡಿನ್‌ಬರೋ ನಗರದಲ್ಲಿ ತರಬೇತು ಹೊಂದಿ, 1876ನೆಯ ಆಗಸ್ಟ್ 5ರಂದು ಇಥಿಯೋಪಿಯ ಎಂಬ ಹಡಗನ್ನೇರಿದಳು. ಆಗ ಆಕೆಗೆ 27 ವರುಷ. ಹಡಗಿಗೆ ಏರಿಸುತ್ತಿದ್ದ ಸಾಮಾನನ್ನು ನೋಡಿದಾಗ ಅದರಲ್ಲಿ ಸಾರಾಯಿಯ ಪೀಪಾಯಿಗಳೇ ಸಾಲು ಸಾಲಾಗಿದ್ದವು. ತನ್ನ ತಂದೆಯ ಮನೆಯನ್ನು ಮುರಿದ ಶತ್ರುವೇ ತನ್ನೊಡನೆ ಅದೇ ಹಡಗಿನಲ್ಲಿ ಪಯಣಿಸುತ್ತಿರುವುದನ್ನು ಕಂಡು ಆಕೆಯ ಮನಸ್ಸು ಕುಂದಿತು.

ಆಕೆ ಹೋಗಿ ಇಳಿದ ಕ್ಯಾಲಬಾರ್ ಇಂದಿನ ನೈಜೀರಿಯ ದೇಶದ ಆಗ್ನೇಯ ಮೂಲೆಯಲ್ಲಿದೆ. ಬಹುಕಾಲ ಗುಲಾಮರ ವ್ಯಾಪಾರದಿಂದ ನೊಂದ ಕರಾವಳಿಯದು. ಆ ವ್ಯಾಪಾರ ನಿಂತ ಮೇಲೆ ತಾಳೆ ಎಣ್ಣೆಯ ವ್ಯಾಪಾರ ಬೆಳೆಯಿತು. ಯೂರೋಪಿನ ಸಾಬೂನಿಗೂ ಯಂತ್ರಗಳಿಗೂ ಆ ಎಣ್ಣೆ ಬೇಕಾಗಿದ್ದಿತು. ಅದಕ್ಕೆ ಬದಲಾಗಿ ಬಂದೂಕು, ಸಾರಾಯಿ, ಬಟ್ಟೆಗಳು ಇಳಿಯುತ್ತಿದ್ದವು. ಜಮೈಕ ದ್ವೀಪದಿಂದ ಬಂದವರು 1846ರಲ್ಲಿ ಅಲ್ಲಿ ಮಿಷನನ್ನು ಸ್ಥಾಪಿಸಿದ್ದರು. ಅದೇ ಶತಮಾನದಲ್ಲಿ ನಮ್ಮ ನಾಡಿಗೂ ಇಂಥವರು ಬಂದುದನ್ನು ವಾಚಕರು ಬಲ್ಲರು. ಬಾಸೆಲ್ ಮಿಷನ್ನಿನವರು 1828ರಲ್ಲಿ ಪಶ್ಚಿಮ ಆಫ್ರಿಕದ ಚಿನ್ನದ ಕರಾವಳಿಗೂ 1834ರಲ್ಲಿ ನಮ್ಮ ಮಂಗಳೂರಿಗೂ ಜನರನ್ನು ಕಳುಹಿಸಿದರು. ಮಂಗಳೂರಿನಲ್ಲಿ ಕನ್ನಡವನ್ನು ಕಲಿತು 1843ರಲ್ಲಿ ಮಂಗಳೂರ ಸಮಾಚಾರವನ್ನು ಹೊರಡಿಸಿದ ಮೋಗ್ಲಿಂಗರಂತೆಯೇ, ಮೇರಿಯೂ ಮೊದಲು ಕೈಹಾಕಿದ್ದು ಭಾಷೆಗೆ. ಎಫಿಕ್ ಜನರ ನುಡಿಯನ್ನು ಪುಸ್ತಕದಿಂದಲ್ಲದೆ ಸಂತೆಯಲ್ಲಿಯೂ ಅಂಗಳದಲ್ಲಿಯೂ ಕಲಿತು, ಅವರ ಗಾದೆಗಳನ್ನೂ ಹಾಸ್ಯವನ್ನೂ ಕೈವಶ ಮಾಡಿಕೊಂಡಳು.

ಮೂರು ವರುಷಗಳಲ್ಲಿ ಚಳಿಜ್ವರವು ಆಕೆಯನ್ನು ನೆಲಕ್ಕೆ ಕೆಡವಿತು. 1879ರಲ್ಲಿ ಊರಿಗೆ ಹೋಗಿ ಚೇತರಿಸಿಕೊಂಡು ಮರುವರುಷ ಹಿಂದಿರುಗಿದಾಗ, ಮಿಷನ್ ಬಂಗಲೆಯಲ್ಲಿ ಇರದೆ ಓಲ್ಡ್ ಟೌನ್ ಎಂಬ ಕಡೆ ಪ್ರತ್ಯೇಕವಾಗಿ ವಾಸಿಸಲು ಅನುಮತಿ ಪಡೆದಳು. ಇದಕ್ಕೆ ಎರಡು ಕಾರಣಗಳಿದ್ದವು. ಜನರ ನಡುವೆ ಇರಬೇಕೆಂಬುದು ಒಂದು. ಸಂಬಳದ ಬಹುಪಾಲನ್ನು ತಾಯಿಗೂ ತಂಗಿಯರಿಗೂ ಕಳುಹಿಸಬೇಕಾಗಿದ್ದುದು ಇನ್ನೊಂದು. ಸೀಮೆಯ ಡಬ್ಬಿಯ ಆಹಾರಕ್ಕೆ ಕೊಡಲು ಹಣವಿರಲಿಲ್ಲವಾದ ಕಾರಣ ಆಕೆ ಊರವರು ಉಣ್ಣುವುದನ್ನೇ ಉಣ್ಣಲು ಕಲಿತಳು. ಈ ಬಡತನವನ್ನು ಆಕೆ ಯಾರಿಗೂ ಹೇಳಿಕೊಳ್ಳಲಿಲ್ಲ. ಆದರೆ ಅದೇ ಆಕೆಯನ್ನು ನೆರೆಯವರ ಒಲೆಯ ಬಳಿಗೆ ಕರೆದೊಯ್ದಿತು.

ಆ ನಾಡಿನಲ್ಲಿ ಅವಳಿ ಮಕ್ಕಳು ಹುಟ್ಟುವುದನ್ನು ಭಯಂಕರವಾದ ಅಪಶಕುನವೆಂದು ನಂಬುತ್ತಿದ್ದರು. ಇಬ್ಬರಲ್ಲಿ ಒಂದು ಮಗು ದುಷ್ಟಾತ್ಮದ ಸಂತಾನವೆಂದೂ ಅದು ಯಾವುದೆಂದು ಗೊತ್ತಾಗದೆಂದೂ ಭಾವಿಸಿ, ಎರಡನ್ನೂ ಮಡಕೆಯಲ್ಲಿಟ್ಟು ಕಾಡಿನಲ್ಲಿ ಬಿಡುತ್ತಿದ್ದರು. ಹೆತ್ತವಳನ್ನು ಊರ ಹೊರಗೆ ಅಟ್ಟುತ್ತಿದ್ದರು. ಇದನ್ನು ಕೇಳಿ ಬರಿದೆ ಹೌಹಾರುವುದು ಸುಲಭ. ಅಂಥ ಕೆಲಸವನ್ನು ಮಾಡುತ್ತಿದ್ದವರು ಕಲ್ಲೆದೆಯವರಲ್ಲ, ಹೆದರಿದವರು ಎಂಬುದನ್ನು ಮೇರಿ ಅರಿತಳು. ಆದಕಾರಣ ಆಕೆ ಬೈಯುವುದಕ್ಕಿಂತ ಮುಂಚೆ ಓಡಿದಳು. ಅವಳಿ ಹುಟ್ಟಿದ ಸುದ್ದಿ ಕಿವಿಗೆ ಬಿದ್ದೊಡನೆ, ಹಗಲೋ ಇರುಳೋ, ಕಾಡುದಾರಿ ಹಿಡಿದು ಮಕ್ಕಳನ್ನು ಎತ್ತಿಕೊಂಡು ಬರುತ್ತಿದ್ದಳು. ಹೀಗೆ ಉಳಿದ ಹೆಣ್ಣುಮಗುವೊಂದಕ್ಕೆ ತನ್ನ ತಂಗಿಯ ಹೆಸರಾದ ಜೇನಿ ಎಂಬುದನ್ನೇ ಇಟ್ಟಳು. 1883ರಲ್ಲಿ ಮತ್ತೆ ಕಾಯಿಲೆಯಾಗಿ ಊರಿಗೆ ಹೋದಾಗ ಈ ಕೂಸನ್ನು ಬಿಟ್ಟುಹೋದರೆ ಅದರ ಪ್ರಾಣಕ್ಕೆ ಅಪಾಯವೆಂದು ಕಂಕುಳಲ್ಲಿ ಎತ್ತಿಕೊಂಡೇ ಹೋದಳು. ಆ ಸಾರಿ ಕಾಯಿಲೆಯ ತಾಯಿಯನ್ನೂ ತಂಗಿಯನ್ನೂ ನೋಡಿಕೊಳ್ಳುತ್ತ ಸ್ಕಾಟ್ಲೆಂಡಿನಲ್ಲಿ ಬಹುದಿನ ನಿಲ್ಲಬೇಕಾಯಿತು. ಆಕೆ ಕ್ಯಾಲಬಾರಿಗೆ ಹಿಂದಿರುಗಿದ ಸ್ವಲ್ಪ ಕಾಲದಲ್ಲೇ ತಾಯಿ ತೀರಿಕೊಂಡ ಸುದ್ದಿಯೂ ಅದರ ಹಿಂದೆಯೇ ತಂಗಿ ಹೋದ ಸುದ್ದಿಯೂ ಬಂದವು. ದಿನದ ಸಣ್ಣಪುಟ್ಟ ಸಂಗತಿಗಳನ್ನು ಬರೆದು ತಿಳಿಸಲು ಮನೆಯೆಂಬುದು ಇನ್ನು ಉಳಿಯಲಿಲ್ಲ. ಹಿಂದಿನ ಕೊಂಡಿ ಹೀಗೆ ಕಳಚಿದ ಮೇಲೆ ಆಕೆ ಒಳನಾಡಿನ ಕಡೆಗೆ ಮುಖ ಮಾಡಿದಳು.

ಕ್ಯಾಲಬಾರಿಗೆ ಉತ್ತರದಲ್ಲಿ ಒಕೊಯೊಂಗ್ ಎಂಬ ಸೀಮೆ. ಅಲ್ಲಿನ ಜನರು ಹೊರಗಿನವರನ್ನು ನಂಬದವರು, ತಮ್ಮೊಳಗೂ ಆಯುಧ ಬಿಟ್ಟು ತಿರುಗದವರು. ಅಲ್ಲಿಗೆ ಹೋಗಬಾರದೆಂದು ಅನೇಕರು ತಡೆದರೂ ಆಕೆ ಕೇಳಲಿಲ್ಲ. 1888ರ ಆಗಸ್ಟ್ ತಿಂಗಳಲ್ಲಿ, ಕ್ರೀಕ್ ಟೌನಿನ ಏಯೋ ರಾಜನು ಕೊಟ್ಟ ದೋಣಿಯಲ್ಲಿ ಐದು ಮಂದಿ ಸಾಕುಮಕ್ಕಳೊಡನೆ ಹೊರಟಳು. ನದಿಯ ದಡದಿಂದ ಎಕೆಂಗೆ ಎಂಬ ಹಳ್ಳಿಗೆ ನಾಲ್ಕು ಮೈಲು ಕಾಡಿನ ದಾರಿ. ಮಳೆ ಬಿಡದೆ ಹೊಯ್ಯುತ್ತಿದ್ದಿತು. ಎಳೆಯ ಮಗುವನ್ನು ಹೆಗಲಿಗೇರಿಸಿ, ಅಳುವ ಉಳಿದ ಮಕ್ಕಳನ್ನು ಹಾಡಿ ನಗಿಸುತ್ತ, ಕೆಸರಿನಲ್ಲಿ ಜಾರುತ್ತ ಆಕೆ ಕತ್ತಲಾಗುವ ವೇಳೆಗೆ ಊರನ್ನು ಸೇರಿದಳು. ಊರಿನಲ್ಲಿ ಹೆಚ್ಚಿನವರು ಇರಲಿಲ್ಲ. ಹತ್ತಿರದ ಹಳ್ಳಿಯ ಸಾವಿಗೆ ಹೋಗಿದ್ದರು. ಸಾಮಾನು ಹೊರುವವರೂ ದೋಣಿಯಲ್ಲೇ ಉಳಿದುಬಿಟ್ಟಿದ್ದರು. ಒಣಬಟ್ಟೆಯಿಲ್ಲ, ಊಟವಿಲ್ಲ. ಮಕ್ಕಳನ್ನು ಒಂದು ಕಡೆ ಕೂರಿಸಿ ಆಕೆ ಅದೇ ಕತ್ತಲೆಯಲ್ಲಿ, ಅದೇ ಕಾಡಿನಲ್ಲಿ ಹಿಂದಿರುಗಿ ಹೋಗಿ ಆಳುಗಳನ್ನು ಎಬ್ಬಿಸಿ ಕರೆತಂದಳು. ಒಕೊಯೊಂಗಿನಲ್ಲಿ ಆಕೆಯ ಮೊದಲ ರಾತ್ರಿ ಹೀಗೆ ಕಳೆಯಿತು.

ಇನ್ನು ಆಕೆಯ ದಿನಚರಿಗೆ ಬರೋಣ. ಊರ ಮುಖ್ಯಸ್ಥನಾದ ಎದೆಮ್ ಎಂಬವನು ತನ್ನ ಹೆಂಡಿರ ವಠಾರದಲ್ಲಿ ಆಕೆಗೊಂದು ಕೋಣೆಯನ್ನು ಕೊಟ್ಟನು. ಮಣ್ಣಿನ ಗೋಡೆ, ಮಣ್ಣಿನ ನೆಲ. ಸುತ್ತಲೂ ಹೆಂಗಸರು, ಮಕ್ಕಳು, ಮೇಕೆ, ಕೋಳಿ. ಏಕಾಂತವೆಂಬುದು ಅಲ್ಲಿರಲಿಲ್ಲ, ಆಕೆ ತಲೆ ಬಾಚುವುದನ್ನೂ ಉಣ್ಣುವುದನ್ನೂ ನೋಡಲು ಬಾಗಿಲಲ್ಲಿ ಸದಾ ಗುಂಪು. ಕೆಲವು ತಿಂಗಳ ಮೇಲೆ ಊರವರ ಸಹಾಯದಿಂದ ಬೇರೆಯೇ ಮನೆಯನ್ನು ಕಟ್ಟಿಕೊಂಡಳು. ಹೆಂಗಸರೊಡನೆ ನಿಂತು ಕೆಸರನ್ನು ತುಳಿದಳು, ಗಳುಗಳ ನಡುವೆ ಮಣ್ಣು ಮೆತ್ತಿದಳು, ಗೋಡೆಯನ್ನು ಅಂಗೈಯಿಂದ ನುಣುಪು ಮಾಡಿದಳು. ಮಣ್ಣಿನಿಂದಲೇ ಒಲೆ, ಮಣ್ಣಿನಿಂದಲೇ ಕುಳಿತುಕೊಳ್ಳುವ ಕಟ್ಟೆ, ಮಣ್ಣಿನಿಂದಲೇ ಪಾತ್ರೆಗಳನ್ನಿಡುವ ಜಗಲಿ. ಬಾಗಿಲು ಕಿಟಕಿಗಳ ಕೆಲಸಕ್ಕೆ ಮುಂದೆ ಸ್ಕಾಟ್ಲೆಂಡಿನಿಂದ ಓವೆನ್ಸ್ ಎಂಬ ಬಡಗಿಯು ಬಂದನು.

ಬೆಳಗಾದರೆ ಮೊದಲು ಸಾಕುಮಕ್ಕಳಿಗೆ ಸ್ನಾನ, ಗಂಜಿ. ಅಷ್ಟರಲ್ಲಿ ಅಂಗಳದಲ್ಲಿ ಹುಣ್ಣಿನವರು, ಜ್ವರದವರು, ಹಾವು ಕಡಿದವರು ಸೇರುತ್ತಿದ್ದರು. ಅವರನ್ನು ನೋಡಿ ಕಳುಹಿಸಿದ ಮೇಲೆ ಪಾಠ. ಶಾಲೆಗೆ ಎಳೆಯರೂ ಮುದುಕರೂ, ಗುಲಾಮರೂ ಒಡೆಯರೂ ಒಟ್ಟಿಗೆ ಬಂದು ಅಕ್ಷರ ತಿದ್ದುತ್ತಿದ್ದರು. ಮಧ್ಯಾಹ್ನಕ್ಕೆ ಯಾಮ್ ಎಂಬ ದೊಡ್ಡ ಗೆಡ್ಡೆ, ಬಾಳೆಕಾಯಿ, ತಾಳೆ ಎಣ್ಣೆಯ ಸಾರು. ಬಿಸಿಲೇರಿದ ಮೇಲೆ ಊರ ಜಗಳಗಳು ಆಕೆಯ ಜಗಲಿಗೆ ಬರುತ್ತಿದ್ದವು. ವಾದಿಪ್ರತಿವಾದಿಗಳು ಘಂಟೆಗಟ್ಟಲೆ ಕೂಗಾಡುವಾಗ ಆಕೆ ಹೆಣಿಗೆಯ ಕಡ್ಡಿಗಳನ್ನು ಆಡಿಸುತ್ತ ಮೌನವಾಗಿ ಕೇಳುತ್ತಿದ್ದಳು. ಕೂಗಿ ಕೂಗಿ ಕೋಪ ತಣಿದ ಮೇಲೆಯೇ ತೀರ್ಪು. ಎಷ್ಟೋ ಸಾರಿ ಆ ಹೊತ್ತಿಗೆ ತೀರ್ಪೇ ಬೇಕಾಗುತ್ತಿರಲಿಲ್ಲ.

ಉಡುಪಿನ ವಿಷಯದಲ್ಲಿ ಆಕೆ ತನ್ನ ದೇಶದ ಪದ್ಧತಿಯನ್ನು ಒಂದೊಂದಾಗಿ ಬಿಟ್ಟಳು. ಕೂದಲನ್ನು ಗಿಡ್ಡವಾಗಿ ಕತ್ತರಿಸಿಕೊಂಡಳು. ಟೋಪಿಯಿಲ್ಲದೆ, ಬೂಟಿಲ್ಲದೆ, ಸಾದಾ ಹತ್ತಿಯ ಅಂಗಿಯಲ್ಲಿ ತಿರುಗಿದಳು. ನೀರನ್ನು ಕಾಯಿಸದೆಯೇ ಕುಡಿಯುತ್ತಿದ್ದಳು, ಸೊಳ್ಳೆಯ ಪರದೆ ಕಟ್ಟುತ್ತಿರಲಿಲ್ಲ. ಇದನ್ನು ನಾವು ಹೊಗಳಲಾರೆವು. ಜ್ವರವು ಆಕೆಯನ್ನು ಜೀವಮಾನವೆಲ್ಲ ಕಾಡಿತು. ಸೊಳ್ಳೆಯೇ ಆ ಜ್ವರವನ್ನು ಹರಡುವುದೆಂದು 1897ರಲ್ಲಿ ಭಾರತದಲ್ಲಿ ರೊನಾಲ್ಡ್ ರಾಸ್ ಎಂಬ ವೈದ್ಯನು ತೋರಿಸುವವರೆಗೆ ಯಾರಿಗೂ ಖಚಿತವಾಗಿ ತಿಳಿದಿರಲಿಲ್ಲವೆಂಬುದನ್ನೂ ಹೇಳಬೇಕು.

ರಾತ್ರಿಯೂ ಆಕೆಗೆ ಬಿಡುವಿಲ್ಲ. ಕಾಡಿನಿಂದ ಎತ್ತಿ ತಂದ ಕೂಸುಗಳು ನಾಲ್ಕೈದು ಒಂದೇ ಕೋಣೆಯಲ್ಲಿ ತೂಗುತೊಟ್ಟಿಲುಗಳಲ್ಲಿ ಮಲಗಿರುತ್ತಿದ್ದವು. ಪ್ರತಿಯೊಂದು ತೊಟ್ಟಿಲಿಗೂ ದಾರ ಕಟ್ಟಿ, ದಾರಗಳ ತುದಿಯನ್ನು ತನ್ನ ಹಾಸಿಗೆಯ ಬಳಿ ಇಟ್ಟುಕೊಂಡು, ಯಾವುದು ಅತ್ತರೆ ಅದರ ದಾರವನ್ನು ಮಲಗಿದ್ದಲ್ಲಿಂದಲೇ ಜಗ್ಗಿ ತೂಗುತ್ತಿದ್ದಳು. ಗಡಿಯಾರ ಕೆಟ್ಟಾಗ ಬೇಗ ಏಳುವ ಸಲುವಾಗಿ ಮಂಚದ ಕಾಲಿಗೆ ಹುಂಜವನ್ನು ಕಟ್ಟಿಕೊಳ್ಳುತ್ತಿದ್ದಳೆಂದು ಹೇಳುತ್ತಾರೆ. ಕ್ಯಾಲೆಂಡರಿನ ಲೆಕ್ಕ ತಪ್ಪಿ, ಶನಿವಾರವನ್ನೇ ಭಾನುವಾರವೆಂದು ಆಚರಿಸಿ, ನಿಜವಾದ ಭಾನುವಾರ ಗೋಡೆಗೆ ಸುಣ್ಣ ಬಳಿಯುತ್ತಿದ್ದಾಗ ಅತಿಥಿಗಳ ಕೈಗೆ ಸಿಕ್ಕಿಬಿದ್ದ ಕಥೆಯೂ ಉಂಟು. ಆಕೆಗೆ ನಗಲು ಬರುತ್ತಿದ್ದಿತು. ಆ ನಗೆಯಿಲ್ಲದಿದ್ದರೆ ಆ ಕಾಡಿನಲ್ಲಿ ಒಂಟಿಯಾಗಿ ಬಾಳುವುದು ಸಾಧ್ಯವಾಗುತ್ತಿರಲಿಲ್ಲ.

ಒಂಟಿಯೆಂದೆವು, ಆದರೆ ಪೂರ್ತಿ ಒಂಟಿಯಲ್ಲ. ಎದೆಮನ ಸೋದರಿಯಾದ ಮಾ ಎಮೆ ಎಂಬ ವಿಧವೆಯು ಆಕೆಗೆ ಜೀವದ ಗೆಳತಿಯಾದಳು. ಊರಿನಲ್ಲಿ ಯಾರಿಗಾದರೂ ಪ್ರಾಣಾಪಾಯ ಒದಗಲಿದೆಯೆಂದು ತಿಳಿದಾಗ, ಮಾ ಎಮೆಯು ಔಷಧ ಬೇಕೆಂಬ ನೆವದಿಂದ ಒಂದು ಸೀಸೆಯನ್ನು ಮೇರಿಯ ಬಳಿಗೆ ಕಳುಹಿಸುವಳು. ಅದೇ ಇಬ್ಬರೊಳಗಣ ಗುಟ್ಟಿನ ಗುರುತು. ಸೀಸೆ ಬಂದೊಡನೆ ಮೇರಿಯು ಎಚ್ಚರಗೊಂಡು, ಯಾವ ಕಡೆ ಕೇಡು ನಡೆಯಲಿದೆಯೆಂದು ವಿಚಾರಿಸಿಕೊಂಡು, ತಾನಾಗಿಯೇ ಬಂದವಳಂತೆ ಅಲ್ಲಿ ಹಾಜರಾಗುವಳು. ಈ ಸಂಗತಿ ಹೊರಬಿದ್ದರೆ ಮಾ ಎಮೆಯ ಪ್ರಾಣಕ್ಕೇ ಸಂಚಕಾರವಿದ್ದಿತು. ಮೇರಿಯ ಹೆಸರು ಲೋಕಕ್ಕೆ ಗೊತ್ತು. ಸೀಸೆ ಕಳುಹಿಸಿದ ಆ ಕೈಯನ್ನು ಬಲ್ಲವರು ವಿರಳ. ನಮ್ಮ ಎಣಿಕೆಯಲ್ಲಿ ಇಬ್ಬರ ಧೈರ್ಯವೂ ಒಂದೇ ತೂಕದ್ದು.

ಇವರಿಬ್ಬರಿಗೂ ಕಠಿಣವಾದ ಪರೀಕ್ಷೆ ಒದಗಿದ್ದು ಎದೆಮನ ಮಗನಾದ ಎತಿಮನ ಸಾವಿನಲ್ಲಿ. ಮದುವೆಯಾಗಲಿದ್ದ ಆ ಯುವಕನು ತನ್ನ ಮನೆಗೆಂದು ಮರ ಸಾಗಿಸುವಾಗ ದಿಮ್ಮಿ ಬಿದ್ದು ಮೈ ನಿಶ್ಚೇಷ್ಟಿತವಾಯಿತು. ಮೇರಿಯು ಎರಡು ವಾರ ಹಗಲಿರುಳು ಅವನ ಪಕ್ಕದಲ್ಲಿದ್ದು ಆರೈಕೆ ಮಾಡಿದರೂ ಅವನು ಉಳಿಯಲಿಲ್ಲ. ಅಲ್ಲಿನ ನಂಬಿಕೆಯಂತೆ ಅಂಥ ಸಾವಿಗೆ ಯಾರದೋ ಮಾಟವೇ ಕಾರಣ. ನೆರೆಯ ಹಳ್ಳಿಯ ಕೆಲವರನ್ನು ಹಿಡಿದು ತಂದು ಸರಪಳಿ ಹಾಕಿದರು. ಅವರಲ್ಲಿ ಹಸುಗೂಸಿನ ತಾಯಂದಿರೂ ಇದ್ದರು. ಅವರಿಗೆ ಎಸೆರೆ ಎಂಬ ವಿಷದ ಕಾಳನ್ನು ಅರೆದು ಕುಡಿಸುವುದೇ ನ್ಯಾಯನಿರ್ಣಯ. ಕುಡಿದು ಬದುಕಿದವನು ನಿರಪರಾಧಿ, ಸತ್ತವನು ಅಪರಾಧಿ. ಮೇರಿಯು ತಡೆಯಲು ಒಂದು ಉಪಾಯವನ್ನು ಕಂಡುಕೊಂಡಳು. ಸತ್ತವನಿಗೆ ಸಲ್ಲತಕ್ಕ ಗೌರವವು ರಕ್ತದಿಂದಲ್ಲದೆ ಬೇರೆ ರೀತಿಯಲ್ಲೂ ಸಲ್ಲಬಹುದಷ್ಟೆ. ಆಕೆ ಪೆಟ್ಟಿಗೆಯಲ್ಲಿದ್ದ ರೇಷ್ಮೆಯನ್ನೂ ಬಣ್ಣದ ಬಟ್ಟೆಗಳನ್ನೂ ತೆಗೆದು ಹೆಣಕ್ಕೆ ತೊಡಿಸಿ, ತಲೆಗೆ ಪೇಟ ಮತ್ತು ಗರಿಯ ಟೋಪಿಯನ್ನಿಟ್ಟು, ಕುರ್ಚಿಯಲ್ಲಿ ಕೂರಿಸಿ, ಮೇಲೆ ದೊಡ್ಡ ಕೊಡೆಯನ್ನು ಹಿಡಿಸಿ, ಎದುರಿಗೆ ಕನ್ನಡಿಯನ್ನಿರಿಸಿದಳು. ಜನರು ಬೆರಗಾಗಿ ಹಿಗ್ಗಿ ಕುಣಿಯತೊಡಗಿದರು. ಅಷ್ಟಾದರೂ ಬಂದಿಗಳ ಮೇಲಣ ಸಿಟ್ಟು ಇಳಿಯಲಿಲ್ಲ. ಮೇರಿಯೂ ಬಡಗಿ ಓವೆನ್ಸನೂ ಸರದಿಯ ಮೇಲೆ ರಾತ್ರಿಯೆಲ್ಲ ಕಾವಲು ಕುಳಿತರು. ದಿನಗಳು ಕಳೆದವು, ಒಬ್ಬೊಬ್ಬರಾಗಿ ಬಂದಿಗಳು ಬಿಡುಗಡೆ ಹೊಂದಿದರು. ಕಡೆಗೆ ಎತಿಮನ ಸಮಾಧಿಗೆ ಒಂದು ಹಸುವಲ್ಲದೆ ಮನುಷ್ಯರಾರೂ ಬಲಿಯಾಗಲಿಲ್ಲ. ಆ ಸೀಮೆಯಲ್ಲಿ ದೊಡ್ಡವರ ಮನೆಯ ಸಾವಿಗೆ ಹಾಗೆ ನಡೆದುದು ಅದೇ ಮೊದಲೆಂದು ಹೇಳುತ್ತಾರೆ. ಅದೇ ವಿಷದ ಕಾಳಿನಿಂದ 1864ರಲ್ಲಿ ಯೂರೋಪಿನ ರಸಾಯನ ಪಂಡಿತರು ಫೈಸೊಸ್ಟಿಗ್ಮೀನ್ ಎಂಬ ವಸ್ತುವನ್ನು ಬೇರ್ಪಡಿಸಿ, ಅದು ಕಣ್ಣಿನ ರೋಗಕ್ಕೆ ಔಷಧವಾಯಿತು. ಒಂದೇ ಬೀಜದಲ್ಲಿ ವಿಷವೂ ಮದ್ದೂ ಇರುವುದು ಎಷ್ಟು ಸೋಜಿಗ!

ಮತ್ತೊಂದು ಸಾರಿ ಎಂಟು ಘಂಟೆಯ ನಡಿಗೆಯಷ್ಟು ದೂರದ ಊರಿನ ಮುಖ್ಯಸ್ಥನು ಸಾಯುವ ಸ್ಥಿತಿಯಲ್ಲಿರುವನೆಂದು ಕರೆ ಬಂದಿತು. ಅವನು ಸತ್ತರೆ ಅವನೊಡನೆ ಹಲವರ ಪ್ರಾಣ ಹೋಗುವುದು ನಿಶ್ಚಯ. ಎಲ್ಲರೂ ಬೇಡವೆಂದರೂ ಮೇರಿ ಹೊರಟಳು. ದಾರಿಯಲ್ಲಿ ಮಳೆ ಸುರಿದು ಬೂಟು ಕೆಸರಿನಲ್ಲಿ ಹೂತು ಭಾರವಾಗಲು, ಅದನ್ನೂ ಕಾಲುಚೀಲವನ್ನೂ ಪೊದೆಗೆಸೆದು ಬರಿಗಾಲಿನಲ್ಲಿ ನಡೆದಳು. ಅಲ್ಲಿಗೆ ತಲಪುವ ಹೊತ್ತಿಗೆ ಆಕೆಗೇ ಜ್ವರ. ಆದರೂ ಮಲಗದೆ ರೋಗಿಯ ಪಕ್ಕದಲ್ಲಿ ಕುಳಿತು, ಔಷಧ ಸಾಲದೆ ಬಂದಾಗ ಬೇರೊಂದು ಮಿಷನ್ ಠಾಣೆಗೆ ಆಳನ್ನಟ್ಟಿ ತರಿಸಿ, ಅವನನ್ನು ಬದುಕಿಸಿದಳು.

ಯುದ್ಧವನ್ನೂ ಕುಡಿತವನ್ನೂ ಬರಿಯ ಉಪದೇಶದಿಂದ ಬಿಡಿಸಲಾಗದೆಂಬುದು ಆಕೆಯ ಅನುಭವ. ಕೈಗೆ ಕೆಲಸವಿಲ್ಲದವರೇ ಕತ್ತಿ ಹಿಡಿಯುತ್ತಾರೆಂದು ಕಂಡು, ಒಕೊಯೊಂಗಿನ ಮುಖ್ಯಸ್ಥರನ್ನು ಏಯೋ ರಾಜನ ಬಳಿಗೆ ಕರೆದುಕೊಂಡು ಹೋಗಿ, ತಾಳೆ ಎಣ್ಣೆಯನ್ನೂ ಗೆಡ್ಡೆಯನ್ನೂ ಮಾರುವ ಹಾದಿಯನ್ನು ತೋರಿಸಿದಳು. ಹೊರಡುವಾಗ ದೋಣಿಯಲ್ಲಿ ಅಡಗಿಸಿಟ್ಟಿದ್ದ ಕತ್ತಿಗಳನ್ನು ಹೊರಕ್ಕೆ ಹಾಕಿಸಿದ ಮೇಲೆಯೇ ಪಯಣ. ವ್ಯಾಪಾರ ಕುದುರಿದಂತೆ ದುಡಿಮೆ ಹೆಚ್ಚಿತು, ಕುಡಿಯಲು ಹೊತ್ತು ಕಡಿಮೆಯಾಯಿತು. ಕಲಿತ ಹುಡುಗರಿಗೆ ಕೈಕಸಬೂ ಬೇಕೆಂದು ಆಕೆ ಮಿಷನಿನವರನ್ನು ಒತ್ತಾಯಪಡಿಸಿದಳು. 1895ರಲ್ಲಿ ಕ್ಯಾಲಬಾರಿನಲ್ಲಿ ತೆರೆದ ಹೋಪ್ ವಾಡೆಲ್ ವಿದ್ಯಾಸಂಸ್ಥೆಯಲ್ಲಿ ಅಂಥ ಶಿಕ್ಷಣವೂ ನಡೆಯಿತು.

1892ರಲ್ಲಿ ಬ್ರಿಟಿಷ್ ಅಧಿಕಾರಿಗಳು ಆಕೆಯನ್ನೇ ಒಕೊಯೊಂಗಿನ ಉಪರಾಯಭಾರಿಯಾಗಿ ನೇಮಿಸಿ, ಅಲ್ಲಿನ ನ್ಯಾಯಸ್ಥಾನದ ಅಧ್ಯಕ್ಷತೆಯನ್ನು ವಹಿಸಿದರು. ಹೆಂಗಸರಿಗೆ ಬ್ರಿಟನ್ನಿನಲ್ಲಿ ಪಾರ್ಲಿಮೆಂಟಿನ ಚುನಾವಣೆಗೆ ಮತಹಾಕುವ ಹಕ್ಕೂ ಇಲ್ಲದ ಕಾಲವದು. ಗಿರಣಿಯ ಹುಡುಗಿ ನ್ಯಾಯಾಧಿಪತಿಯಾದಳು. ಕೂಸನ್ನು ಮಡಿಲಲ್ಲಿಟ್ಟುಕೊಂಡು ಕುಳಿತ ಆ ನ್ಯಾಯಾಧಿಪತಿಯ ಮುಂದೆ, ಹೊಡೆತ ತಿಂದ ಹೆಂಡತಿಯೂ ಆಸ್ತಿ ಕಳೆದುಕೊಂಡ ವಿಧವೆಯೂ ಹೆದರದೆ ಮಾತನಾಡಿದರು.

ಆಕೆ ತನ್ನ ಸುಖವನ್ನು ಬಿಟ್ಟುದು ಎಷ್ಟೆಂಬುದಕ್ಕೆ ಒಂದು ಸಂಗತಿಯನ್ನು ಹೇಳಲೇಬೇಕು. ಕ್ಯಾಲಬಾರಿನಲ್ಲಿ ಉಪಾಧ್ಯಾಯನಾಗಿದ್ದ ಚಾರ್ಲ್ಸ್ ಮಾರಿಸನ್ ಎಂಬವನೊಡನೆ 1891ರಲ್ಲಿ ಆಕೆಗೆ ವಿವಾಹ ನಿಶ್ಚಿತಾರ್ಥವಾಯಿತು. ಅವನು ಒಕೊಯೊಂಗಿಗೆ ಬಂದು ಸೇರಬೇಕೆಂಬುದೇ ಆಕೆಯ ಷರತ್ತು. ಅವನ ದೇಹಸ್ಥಿತಿ ಆ ಸೀಮೆಗೆ ತಕ್ಕುದಲ್ಲವೆಂದು ಮಿಷನಿನವರು ಒಪ್ಪಲಿಲ್ಲ. ಒಂದು ಕಡೆ ಮನೆ, ಒಂದು ಕಡೆ ಒಕೊಯೊಂಗ್. ಆಕೆ ಎರಡನೆಯದನ್ನು ಆರಿಸಿಕೊಂಡು, ಆ ಮಾತನ್ನು ಅಲ್ಲಿಗೇ ಬಿಟ್ಟಳು.

1896ರಲ್ಲಿ ಸಂತೆಯು ಸ್ಥಳ ಬದಲಾಯಿಸಿ ಜನರು ಅಕ್ಪಪ್ ಎಂಬಲ್ಲಿಗೆ ಸರಿದಾಗ ಆಕೆಯೂ ಅಲ್ಲಿಗೆ ಹೋದಳು. ಸ್ವಲ್ಪ ಕಾಲಾನಂತರ ಸಿಡುಬು ಹರಡಿತು. ಆಕೆ ಸಿಕ್ಕಸಿಕ್ಕವರಿಗೆಲ್ಲ ದೇವಿ ಹಾಕಿದಳು. ಹಳೆಯ ಊರಾದ ಎಕೆಂಗೆಗೆ ಹಿಂದಿರುಗಿ ತನ್ನ ಹಳೆಯ ಮನೆಯನ್ನೇ ಆಸ್ಪತ್ರೆಯಾಗಿ ಮಾಡಿದಳು. ಅಲ್ಲಿ ಮುಖ್ಯಸ್ಥ ಎದೆಮನೇ ರೋಗಕ್ಕೆ ತುತ್ತಾದನು. ಊರು ಬರಿದಾಗಿದ್ದಿತು, ಓಡಿಹೋಗದೆ ಉಳಿದವರು ಸಾಯುತ್ತಿದ್ದರು. ಅವನು ಸತ್ತ ರಾತ್ರಿ ಸಹಾಯಕ್ಕೆ ಯಾರೂ ಇಲ್ಲದಿರಲು, ಆಕೆ ತಾನೇ ಪೆಟ್ಟಿಗೆ ಮಾಡಿ, ತಾನೇ ಕುಣಿ ತೋಡಿ, ಮೊದಲ ದಿನ ತನಗೆ ಸೂರು ಕೊಟ್ಟವನನ್ನು ಮಣ್ಣುಮಾಡಿದಳು. ಬೆಳಗಾಗುವಾಗ ನಡೆದೇ ಅಕ್ಪಪ್ ಸೇರಿದಳು. ದೊಡ್ಡ ಕಾರ್ಯವೆಂದು ಯಾರೂ ನೋಡದ ಆ ರಾತ್ರಿಯೇ ಆಕೆಯ ಬಾಳಿನ ಅತ್ಯಂತ ದೊಡ್ಡ ರಾತ್ರಿಯೆಂದು ನಮ್ಮ ಭಾವನೆ.

ಇಂಥ ಧೀರೆಯಾದ ಆಕೆ 1898ರಲ್ಲಿ ನಾಲ್ವರು ಸಾಕುಹೆಣ್ಣುಮಕ್ಕಳೊಡನೆ ಸ್ಕಾಟ್ಲೆಂಡಿಗೆ ಹೋದಾಗ, ಸಭೆಯಲ್ಲಿ ಗಂಡಸರಿದ್ದರೆ ಮಾತನಾಡಲು ನಾಚುತ್ತಿದ್ದಳು. ಗಾಡಿಗಳು ಓಡಾಡುವ ಬೀದಿಯನ್ನು ದಾಟಲು ಹೆದರುತ್ತಿದ್ದಳು. ಧೈರ್ಯವೆಂದರೆ ಹೆದರಿಕೆಯೇ ಇಲ್ಲದಿರುವುದಲ್ಲ. ಮಾಡತಕ್ಕ ಕೆಲಸದ ಮುಂದೆ ಅದು ಹಿಂದೆ ನಿಲ್ಲುವುದು ಎಂಬುದನ್ನು ನಾವು ಇದರಿಂದ ಕಲಿಯಬಹುದು.

ಒಕೊಯೊಂಗಿನಲ್ಲಿ ಸುಮಾರು ಹದಿನೈದು ವರುಷ ಕಳೆದ ಮೇಲೆ ಆಕೆ ಇನ್ನೂ ಒಳನಾಡಿಗೆ, ಇಟು, ಇಕೋಟ್ ಒಬೊಂಗ್, ಉಸೆ ಎಂಬ ಊರುಗಳ ಕಡೆಗೆ ಹೊರಟಳು. 1905ರಲ್ಲಿ ಇಕೋಟ್ ಒಬೊಂಗಿನ ನ್ಯಾಯಸ್ಥಾನದಲ್ಲಿ ಉಪಾಧ್ಯಕ್ಷೆಯಾದಳು. ಅರುವತ್ತರ ಹೊಸ್ತಿಲಲ್ಲಿ ಸೈಕಲ್ ಸವಾರಿಯನ್ನೂ ಕಲಿತಳು. ಗಂಡನ ಮನೆಯಿಂದ ಹೊರಬಿದ್ದ ಹೆಂಗಸರು, ಅವಳಿ ಹೆತ್ತು ದೂರವಾದ ತಾಯಂದಿರು ತಮ್ಮ ಕೈಯ ದುಡಿಮೆಯಿಂದ ಬಾಳಲೆಂದು ಉಸೆಯಲ್ಲಿ ಒಂದು ನೆಲೆಯನ್ನು ಏರ್ಪಡಿಸಿದಳು. 1914ರಲ್ಲಿ ಯೂರೋಪಿನ ಮಹಾಯುದ್ಧದ ವಾರ್ತೆ ಬಂದು ಆಕೆಯನ್ನು ಬಹಳ ಕುಗ್ಗಿಸಿತು. 1915ರ ಜನವರಿ 13ರಂದು, ಉಸೆಯ ತನ್ನ ಮಣ್ಣಿನ ಮನೆಯಲ್ಲಿ, ತಾನು ಸಾಕಿದ ಹೆಣ್ಣುಮಕ್ಕಳ ನಡುವೆ ಆಕೆ ಕಣ್ಣುಮುಚ್ಚಿದಳು. ದೇಹವನ್ನು ಕ್ರಾಸ್ ನದಿಯ ಮೇಲೆ ಕ್ಯಾಲಬಾರಿಗೆ ತಂದು, ಸರಕಾರದ ಮರ್ಯಾದೆಯೊಡನೆ ಅಲ್ಲಿನ ಮಿಷನ್ ಗುಡ್ಡದ ಮೇಲೆ ಸಮಾಧಿ ಮಾಡಿದರು.

ಇಂದು ಹಿಂದಿರುಗಿ ನೋಡುವಾಗ ಕೆಲವು ಮಾತುಗಳನ್ನು ನಾವು ಮುಚ್ಚಿಡಲಾಗದು. ಆಕೆ ಆ ನಾಡಿಗೆ ಹೋದ ಕಾಲದಲ್ಲಿಯೇ ಪರರ ಆಳಿಕೆಯೂ ಅಲ್ಲಿ ಬೇರೂರುತ್ತಿದ್ದಿತು. ಆಕೆಯ ನ್ಯಾಯಪೀಠವು ಆ ಆಳಿಕೆಯದೇ ಅಂಗವಾಗಿದ್ದಿತು. ಕೋಪ ಬಂದಾಗ ದೊಡ್ಡ ಮುಖ್ಯಸ್ಥರ ಕೆನ್ನೆಗೆ ಹೊಡೆಯುವುದಕ್ಕೂ ಆಕೆ ಹಿಂಜರಿಯುತ್ತಿರಲಿಲ್ಲ. ಆಕೆಯ ಪರಮ ಸ್ನೇಹಿತೆ ಮಾ ಎಮೆಯು ಕಡೆಯವರೆಗೂ ಸಭೆಗೆ ಸೇರಲಿಲ್ಲ; ಅದು ಮೇರಿಗೆ ಆರದ ನೋವಾಗಿದ್ದರೂ ಸ್ನೇಹ ಮಾತ್ರ ಕಡಿಯಲಿಲ್ಲ. 1960ರಲ್ಲಿ ನೈಜೀರಿಯವು ಸ್ವತಂತ್ರವಾಯಿತು. ಆದರೂ ಕ್ಯಾಲಬಾರಿನ ಜನರು ಆಕೆಯ ಸಮಾಧಿಯನ್ನು ಕಾಪಾಡಿಕೊಂಡು ಬಂದಿದ್ದಾರೆ. ಸ್ಕಾಟ್ಲೆಂಡಿನಲ್ಲಿ 1997ರಲ್ಲಿ ಹೊರಟ ಹತ್ತು ಪೌಂಡಿನ ನೋಟೊಂದರ ಮೇಲೆ ಆಕೆಯ ಮುಖವನ್ನು ಅಚ್ಚುಮಾಡಿದರು. ಸಂಬಳವನ್ನು ತನಗೆಂದು ಉಳಿಸಿಕೊಳ್ಳದವಳ ಚಿತ್ರ ನೋಟಿನ ಮೇಲೆ ಬಂದುದನ್ನು ಕಂಡಿದ್ದರೆ ಆಕೆ ಮನಸಾರೆ ನಕ್ಕುಬಿಡುತ್ತಿದ್ದಳೆಂದು ನಾವು ಊಹಿಸುತ್ತೇವೆ.

ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ತಾಯಿತಂದೆಗಳೇ! ನಾವೆಲ್ಲರೂ ಆಫ್ರಿಕಕ್ಕೆ ಹೋಗಬೇಕಾಗಿಲ್ಲ. ಆದರೆ ನಮ್ಮ ಉಲ್ಲಾಳದ ಬೀದಿಗಳಲ್ಲಿಯೂ ಹೆಣ್ಣು ಹುಟ್ಟಿತೆಂದು ಮುಖ ಕೆಳಗೆ ಹಾಕುವ ಮನೆಗಳಿಲ್ಲವೆ? ಓದುವ ವಯಸ್ಸಿನಲ್ಲಿ ದುಡಿತಕ್ಕೆ ಇಳಿದ ಹುಡುಗಿಯರಿಲ್ಲವೆ? ಕುಡಿದು ಬರುವ ತಂದೆಯ ಹೆಜ್ಜೆಯ ಸದ್ದಿಗೆ ನಡುಗುವ ಮಕ್ಕಳಿಲ್ಲವೆ? ಆ ನಡುಕವನ್ನು ತಾನು ಬಲ್ಲವಳಾದುದರಿಂದಲೇ ಮೇರಿಯು ಮತ್ತೊಬ್ಬರ ಬಾಗಿಲನ್ನು ತಟ್ಟಲು ಅಂಜಲಿಲ್ಲ. ನಮ್ಮ ಪಾಠಶಾಲೆಯ ಬೆಂಚುಗಳ ಮೇಲೆ ಕುಳಿತು ಹೋದವರಲ್ಲಿ ಅಂಥ ಕಷ್ಟವನ್ನು ಕಂಡವರೂ ಇದ್ದಾರೆ. ಅದನ್ನು ಅವರು ನಾಚಿಕೆಯೆಂದು ಬಗೆಯದೆ ಇನ್ನೊಬ್ಬಳ ದುಃಖವನ್ನು ಅರಿಯುವ ಕಣ್ಣೆಂದು ಬಗೆಯಲಿ. ನೆರೆಮನೆಯಿಂದ ಎಂದಾದರೂ ಔಷಧದ ನೆವದಲ್ಲಿ ಬರಿದಾದ ಒಂದು ಸೀಸೆ ಬಂದರೆ, ಅದರ ಅರ್ಥವನ್ನು ತಿಳಿದು ಏಳುವಷ್ಟು ಎಚ್ಚರ ನಮ್ಮಲ್ಲ‍ೊಬ್ಬೊಬ್ಬರಿಗೂ ಇರಲಿ ಎಂದು ಹಾರೈಸುತ್ತೇವೆ.